ಪ್ರಕೃತಿನಾಮಗಳ ಲಿಂಗವಿಚಾರ

ಮನೆಯಲ್ಲಿ ಮಗು ಜನಿಸಿದ ಕೆಲವೇ ದಿನಗಳಲ್ಲಿ ಹಿರಿಯರ ನಡುವೆ ಹೆಸರಿನ ಚರ್ಚೆ ಆರಂಭವಾಗುತ್ತದೆ. ನಕ್ಷತ್ರದ ಪಾದಕ್ಕೆ ಹೊಂದುವ ಅಕ್ಷರ ಯಾವುದೆಂದು ಒಬ್ಬರು ವಿಚಾರಿಸುತ್ತಾರೆ. ಊರ ಬಸದಿಯ ಮೂಲನಾಯಕರ ಹೆಸರು ಸೇರಿರಲೆಂದು ಇನ್ನೊಬ್ಬರು ಬಯಸುತ್ತಾರೆ. ಎಳೆಯ ದಂಪತಿಗಳು ಹೊಸ ಹೆಸರೇ ಬೇಕೆನ್ನುತ್ತಾರೆ. ಈಚಿನ ದಶಕಗಳಲ್ಲಿ ಇಂಥ ಹೊಸ ಹೆಸರುಗಳು ಬಹುಮಟ್ಟಿಗೆ ಪ್ರಕೃತಿಯಿಂದ ಬರುತ್ತಿವೆ: ಮೇಘ, ಸಿಂಧು, ಕಿರಣ, ಸಾಗರ, ವರ್ಷಾ, ಚಂದನ, ತುಷಾರ, ಭೂಮಿ. ಹೆಸರು ಬಾಯಿಂದ ಹೊರಬಿದ್ದೊಡನೆ ಕೇಳಿಬರುವ ಮೊದಲ ಪ್ರಶ್ನೆ ಅದರ ಅರ್ಥವೇನೆಂಬುದಲ್ಲ. 'ಇದು ಗಂಡಿನ ಹೆಸರೋ, ಹೆಣ್ಣಿನ ಹೆಸರೋ?' ಎಂಬುದು.

ಈ ಪ್ರಶ್ನೆಗೆ ಸಿದ್ಧ ಉತ್ತರ ನೀಡುವುದಕ್ಕೆ ನಾಮಸಂಗ್ರಹಗಳಿವೆ. ಕೆಲವು ಪುಸ್ತಕದ ಅಂಗಡಿಯಲ್ಲಿ ದೊರೆಯುತ್ತವೆ, ಕೆಲವು ನಾಮಕರಣವಿಧಿಯ ಕಿರುಹೊತ್ತಗೆಗಳ ಕೊನೆಯಲ್ಲಿ ಅಚ್ಚಾಗಿರುತ್ತವೆ. ಇಂದು ಅವೇ ಪಟ್ಟಿಗಳು ಮೊಬೈಲಿನ ತೆರೆಯ ಮೇಲೆಯೂ ಮೂಡುತ್ತವೆ. ರೂಪ ಬದಲಾದರೂ ಕ್ರಮ ಒಂದೇ. ಜಮಾ-ಖರ್ಚಿನ ಪುಸ್ತಕದ ಎರಡು ಕಲಮುಗಳಂತೆ ಒಂದು ಕಡೆ ಗಂಡುಮಕ್ಕಳ ಹೆಸರು, ಇನ್ನೊಂದು ಕಡೆ ಹೆಣ್ಣುಮಕ್ಕಳ ಹೆಸರು, ಪ್ರತಿಯೊಂದರ ಮುಂದೆ ಒಂದೇ ಸಾಲಿನ ಅರ್ಥ. ಲೆಕ್ಕದ ಪುಸ್ತಕದಲ್ಲಿ ಪ್ರತಿ ಮೊತ್ತಕ್ಕೂ ಚೀಟಿಯ ಆಧಾರ ಇರಬೇಕು. ಈ ಹೆಸರುಗಳ ವಿಂಗಡಣೆಗೆ ಇರುವ ಆಧಾರವಾದರೂ ಏನು? ಅದು ಪ್ರಕೃತಿಯಲ್ಲಿದೆಯೇ, ಭಾಷೆಯಲ್ಲಿದೆಯೇ ಅಥವಾ ಹೆಸರಿಡುವವರ ಮನಸ್ಸಿನಲ್ಲಿದೆಯೇ? ಅಲ್ಪವೆಂದು ತೋರುವ ಈ ಪ್ರಶ್ನೆ ಸೂಕ್ಷ್ಮವಾಗಿ ನೋಡಿದರೆ ಮಕ್ಕಳ ಸಂಸ್ಕಾರದ ಪ್ರಶ್ನೆಯೇ ಆಗಿದೆ.

ಶಬ್ದದ ಲಿಂಗ, ವಸ್ತುವಿನ ಲಿಂಗ

ಸಂಸ್ಕೃತದಲ್ಲಿ ಪ್ರತಿಯೊಂದು ನಾಮಪದಕ್ಕೂ ಲಿಂಗವುಂಟು. ಆದರೆ ಅದು ಶಬ್ದದ ಲಿಂಗವೇ ಹೊರತು ವಸ್ತುವಿನದಲ್ಲ. ಹೆಂಡತಿ ಎಂಬ ಒಂದೇ ಅರ್ಥವನ್ನು ಹೇಳುವ ಮೂರು ಶಬ್ದಗಳಲ್ಲಿ 'ದಾರ' ಪುಲ್ಲಿಂಗ, 'ಕಲತ್ರ' ನಪುಂಸಕಲಿಂಗ, 'ಭಾರ್ಯಾ' ಸ್ತ್ರೀಲಿಂಗ. ತತ್ತ್ವಾರ್ಥಸೂತ್ರಕ್ಕೆ 'ಸರ್ವಾರ್ಥಸಿದ್ಧಿ' ಎಂಬ ವ್ಯಾಖ್ಯಾನವನ್ನು ರಚಿಸಿದ ಪೂಜ್ಯಪಾದಾಚಾರ್ಯರು ಸ್ವತಃ ವೈಯಾಕರಣರು, ಜೈನೇಂದ್ರ ವ್ಯಾಕರಣದ ಕರ್ತೃಗಳು. ಶಬ್ದನಯವನ್ನು ವಿವರಿಸುವಾಗ ಅವರು ಲಿಂಗವ್ಯತ್ಯಾಸಕ್ಕೆ ಕೊಡುವ ಉದಾಹರಣೆ ಆಕಾಶದ್ದು: ಒಂದೇ ಜ್ಯೋತಿಯನ್ನು ಪುಷ್ಯವೆಂದರೆ ಪುಲ್ಲಿಂಗ, ತಾರಕೆಯೆಂದರೆ ಸ್ತ್ರೀಲಿಂಗ, ನಕ್ಷತ್ರವೆಂದರೆ ನಪುಂಸಕಲಿಂಗ. ಆಕಾಶದಲ್ಲಿ ಬೆಳಗುವುದು ಒಂದೇ, ಲಿಂಗಗಳು ಮೂರು. 'ತಾರಾ' ಹೆಣ್ಣಿನ ಹೆಸರೆಂದು ಪಟ್ಟಿ ಹೇಳುವಾಗ ಅದು ಬೆಳಗುವ ವಸ್ತುವಿನ ಸ್ವಭಾವವನ್ನು ಹೇಳುತ್ತಿಲ್ಲ, ಶಬ್ದದ ಅಂತ್ಯದಲ್ಲಿರುವ ಆಕಾರವನ್ನು ಹೇಳುತ್ತಿದೆ.

ಒಂದೇ ಶಬ್ದವು ಅರ್ಥಕ್ಕೆ ತಕ್ಕಂತೆ ಲಿಂಗವನ್ನು ಬದಲಿಸುವುದೂ ಉಂಟು. 'ಸಿಂಧು' ಶಬ್ದವು ಸಮುದ್ರವೆಂಬ ಅರ್ಥದಲ್ಲಿ ಮತ್ತು ಆ ಹೆಸರಿನ ದೇಶ, ಮಹಾನದಗಳ ಅರ್ಥದಲ್ಲಿ ಪುಲ್ಲಿಂಗವೆಂದೂ, ಸಾಮಾನ್ಯವಾಗಿ ನದಿಯೆಂಬ ಅರ್ಥದಲ್ಲಿ ಸ್ತ್ರೀಲಿಂಗವೆಂದೂ ಅಮರಕೋಶ ವಿಧಿಸುತ್ತದೆ. ಇಂದಿನ ಪಟ್ಟಿಗಳಲ್ಲಿ ಸಿಂಧು ಹೆಣ್ಣುಮಗುವಿನ ಹೆಸರು ಮಾತ್ರ. ಕಮಲ, ಪದ್ಮ, ಪುಷ್ಪ, ಕುಸುಮ ಈ ನಾಲ್ಕೂ ಹೂವಿನ ಅರ್ಥದಲ್ಲಿ ಸಂಸ್ಕೃತದಲ್ಲಿ ನಪುಂಸಕಲಿಂಗವಾಗಿಯೇ ರೂಢವಾಗಿವೆ. ಪಟ್ಟಿಯಲ್ಲಿ ನಾಲ್ಕೂ ಹೆಣ್ಣು.

ಕನ್ನಡದ ಮಾರ್ಗ ಇದಕ್ಕಿಂತ ಸರಳ. ಜನ್ನನ ಸೋದರಳಿಯನಾದ ಕೇಶಿರಾಜನು ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿ ಶಾಸ್ತ್ರಕ್ಕೆ ಒಳಪಡಿಸಿದ ಈ ಭಾಷೆಯಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಮನುಷ್ಯರಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ. ಉಳಿದುದೆಲ್ಲ ಸಾಮಾನ್ಯವಾಗಿ ನಪುಂಸಕ. ಹೂ ಅರಳಿತು, ಮೋಡ ಕವಿಯಿತು, ಬೆಟ್ಟ ನಿಂತಿದೆ, ಹೊಳೆ ಹರಿಯಿತು. ಸೂರ್ಯನು ಉದಯಿಸಿದನು, ಕಾವೇರಿ ಹರಿದಳು ಎನ್ನುವಾಗ ಅಲ್ಲಿ ದೇವತಾಭಾವದ ಆರೋಪವಿದೆ. ಆರೋಪವಿಲ್ಲದಿದ್ದರೆ ಹೊಳೆ ಹೊಳೆಯೇ. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ ಕನ್ನಡದಲ್ಲಿ ಮಗುವೂ ನಪುಂಸಕವೇ. ಮಗು ಅತ್ತಿತು, ಕೂಸು ನಕ್ಕಿತು ಎಂದೇ ತಾಯಿ ಹೇಳುತ್ತಾಳೆ. ತೊಟ್ಟಿಲಲ್ಲಿ ಹೆಸರಿಟ್ಟ ಮೇಲೆ ಅದು 'ಅವನು' ಅಥವಾ 'ಅವಳು' ಆಗತೊಡಗುತ್ತದೆ. ಅಂದರೆ ನಪುಂಸಕವಾದ ಹೂವಿನ ಹೆಸರನ್ನು ನಪುಂಸಕವಾಗಿದ್ದ ಕೂಸಿಗೆ ಇಟ್ಟು, ಎರಡಕ್ಕೂ ಏಕಕಾಲದಲ್ಲಿ ಲಿಂಗವನ್ನು ಕೊಡುವವರು ಸುತ್ತ ಕುಳಿತ ಬಂಧುಗಳು.

ರೂಢಿಯ ಸಂಚಾರ

ವ್ಯಾಕರಣ ನಿರ್ಣಯಿಸದುದನ್ನು ರೂಢಿ ನಿರ್ಣಯಿಸುತ್ತದೆ. ಆದರೆ ರೂಢಿ ಊರಿಂದೂರಿಗೆ ಬೇರೆ. 'ಪಂಕಜ' ಎಂದರೆ ಕೆಸರಿನಲ್ಲಿ ಹುಟ್ಟಿದ್ದು, ಕಮಲ. ಕನ್ನಡ ನಾಡಿನಲ್ಲಿ ಪಂಕಜಾ, ನೀರಜಾ, ಅಂಬುಜಾ, ವನಜಾ, ಜಲಜಾ ಎಲ್ಲರೂ ಹೆಣ್ಣುಮಕ್ಕಳು. ಅನೇಕ ಮನೆಗಳಲ್ಲಿ ಅಜ್ಜಿಯರ ಹೆಸರುಗಳಿವು. ಉತ್ತರ ಭಾರತದಲ್ಲಿ ಪಂಕಜ್ ಮತ್ತು ನೀರಜ್ ಗಂಡಸರು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈಟಿ ಎಸೆದು ಚಿನ್ನದ ಪದಕ ಗೆದ್ದ ನೀರಜ್ ಚೋಪ್ರಾ ಅವರ ಹೆಸರಿಗೂ ಕನ್ನಡದ ನೀರಜಾ ಎಂಬ ಹೆಸರಿಗೂ ಅರ್ಥದಲ್ಲಿ ಕಿಂಚಿತ್ತೂ ಭೇದವಿಲ್ಲ. ರಾಜಸ್ಥಾನದಿಂದ ಬಂದು ಹುಬ್ಬಳ್ಳಿಯಲ್ಲಿ ನೆಲೆಸಿದ ವರ್ತಕರ ಮನೆಯಲ್ಲಿ ಪಂಕಜ್ ಎಂಬ ಮೊಮ್ಮಗನಿದ್ದು, ಪಕ್ಕದ ಓಣಿಯ ಕನ್ನಡ ಶ್ರಾವಕರ ಮನೆಯಲ್ಲಿ ಪಂಕಜಾ ಎಂಬ ಅಜ್ಜಿ ಇದ್ದರೆ ಯಾರೂ ಆಶ್ಚರ್ಯಪಡಬೇಕಾಗಿಲ್ಲ. ಕೆಸರೂ ಅದೇ, ಕಮಲವೂ ಅದೇ.

ಇದಕ್ಕೆ ಕಾರಣ ಬಹುಪಾಲು ಉಚ್ಚಾರಣೆಯಲ್ಲಿದೆ. ಹಿಂದಿಯಲ್ಲಿ ಪದಾಂತ್ಯದ ಅಕಾರ ಲೋಪವಾಗಿ 'ಪಂಕಜ್' ಎಂದಾಗುತ್ತದೆ. ಕೊನೆಯಲ್ಲಿ ಆಕಾರ ಕೇಳಿದರೆ ಅಲ್ಲಿನ ಕಿವಿಗೆ ಅದು ಸ್ತ್ರೀಲಿಂಗ. ಕನ್ನಡದಲ್ಲಿ ಪದಾಂತ್ಯದ ಸ್ವರ ಉಳಿಯುತ್ತದೆ. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗ ಪದಗಳು ಗಂಗೆ, ಲತೆ, ಸೀತೆ ಎಂದು ಎಕಾರಾಂತವಾಗಿ, ಅಕಾರಾಂತವಾದ ರಾಮ, ಭೀಮರಿಂದ ಸ್ಪಷ್ಟವಾಗಿ ಬೇರ್ಪಡುತ್ತವೆ. ಈ ಹಳೆಯ ಭೇದವನ್ನು ಬಿಟ್ಟು ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತೊಡಗಿದ ಮೇಲೆ ಹ್ರಸ್ವವೂ ದೀರ್ಘವೂ ಒಂದಾದವು. ಮೋಡವೆಂಬ ಅರ್ಥದ 'ಮೇಘ' ಸಂಸ್ಕೃತದಲ್ಲಿ ಪುಲ್ಲಿಂಗ. ಇಂದು ಶಾಲೆಗಳ ಹಾಜರಿ ಪುಸ್ತಕದಲ್ಲಿ ಆ ಹೆಸರಿರುವುದು ಬಹುತೇಕ ಹುಡುಗಿಯರಿಗೆ. 'ಕಿರಣ' ಶಬ್ದವೂ ಪುಲ್ಲಿಂಗವೇ. ಆದರೆ 1972ರಲ್ಲಿ ಪೊಲೀಸ್ ಸೇವೆಗೆ ಸೇರಿದ ಕಿರಣ್ ಬೇಡಿ ಮಹಿಳೆ, ಭಾರತದ ವಿಕೆಟ್‌ಕೀಪರ್ ಆಗಿದ್ದ ಕಿರಣ್ ಮೋರೆ ಪುರುಷ. 'ತುಲಸಿ' ಕನ್ನಡಿಗರಿಗೆ ಹೆಣ್ಣಿನ ಹೆಸರು. 1949ರಲ್ಲಿ ಅಣುವ್ರತ ಆಂದೋಲನವನ್ನು ಆರಂಭಿಸಿದ ತೇರಾಪಂಥದ ಆಚಾರ್ಯರು ಅದೇ ಹೆಸರಿನವರು. ರೂಢಿಯೆಂಬುದು ಹರಿಯುವ ನೀರು. ಅದರ ಒಂದು ದಿನದ ಮಟ್ಟವನ್ನು ಗುರುತಿಸಿ ಇದೇ ಶಾಶ್ವತವೆಂದು ಅಚ್ಚುಹಾಕುವುದು ನಾಮಸಂಗ್ರಹಗಳ ಮೊದಲ ದೋಷ.

ಕವಿಸಮಯದ ಭಾರ

ಎರಡನೆಯ ದೋಷ ಇದಕ್ಕಿಂತ ಗಂಭೀರವಾದದ್ದು. ಪಟ್ಟಿಯ ಎರಡು ಕಲಮುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪ್ರಕೃತಿಯನ್ನು ಹಂಚಿರುವ ಕ್ರಮ ಎದ್ದುಕಾಣುತ್ತದೆ. ಜೈನಾಗಮವು ಸ್ಥಾವರ ಜೀವಿಗಳನ್ನು ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯ ಎಂದು ಐದಾಗಿ ವಿಂಗಡಿಸಿದೆ. ಅವುಗಳಲ್ಲಿ ಭೂಮಿ ಮತ್ತು ಹೊಳೆಯ ನೀರು ಹೆಣ್ಣುಮಕ್ಕಳ ಪಾಲಿಗೆ: ಧರಣಿ, ವಸುಧಾ, ಸರಿತಾ. ಬೆಂಕಿ ಮತ್ತು ಗಾಳಿ ಗಂಡುಮಕ್ಕಳ ಪಾಲಿಗೆ: ಪಾವಕ, ಅನಿಲ, ಸಮೀರ. ವನಸ್ಪತಿಯಲ್ಲಿ ಮರ ಗಂಡಿಗೆ, ಬಳ್ಳಿ ಮತ್ತು ಹೂ ಹೆಣ್ಣಿಗೆ: ಅಶೋಕ ಒಂದು ಕಡೆ, ಲತಾ ಇನ್ನೊಂದು ಕಡೆ. ನಿಲ್ಲುವುದು, ಸುಡುವುದು, ಬೀಸುವುದು ಪುರುಷ. ಹೊರುವುದು, ಹಬ್ಬುವುದು, ಬಾಡುವುದು ಸ್ತ್ರೀ. ಅನೇಕ ಜೋಡಿಗಳಲ್ಲಿ ವಸ್ತುವು ಮಗನದಾದರೆ ಅದರ ಕಾಂತಿ ಅಥವಾ ಸಂತಾನ ಮಗಳದು: ಚಂದ್ರ ಮತ್ತು ಚಂದ್ರಿಕಾ, ಗಿರಿ ಮತ್ತು ಗಿರಿಜಾ.

ಇದು ಪ್ರಕೃತಿಯ ವ್ಯವಸ್ಥೆಯಲ್ಲ, ಕವಿಗಳ ಸಂಪ್ರದಾಯ. ಕಾಳಿದಾಸನ ಶಾಕುಂತಲದಲ್ಲಿ ವನಜ್ಯೋತ್ಸ್ನೆಯೆಂಬ ಮಲ್ಲಿಗೆಬಳ್ಳಿಯನ್ನು ಮಾವಿನ ಮರದ ವಧುವೆಂದು ಕಲ್ಪಿಸಲಾಗಿದೆ. ಕಾವ್ಯದಲ್ಲಿ ಅದು ರಸಕ್ಕೆ ಕಾರಣ, ಅಲ್ಲಿ ಅದು ಶೋಭಿಸುತ್ತದೆ. ಅದನ್ನೇ ಮಗುವಿನ ಹೆಸರಿನ ಮುಂದೆ ಗುಣವೆಂದು ಬರೆದಾಗ ತೊಡಕು ಆರಂಭವಾಗುತ್ತದೆ. ಹೂವಿನ ಹೆಸರನ್ನು ಗಂಡುಮಗುವಿಗೆ ಇಡಬೇಕಾದರೆ ಜೊತೆಗೊಂದು ಅಧಿಕಾರವನ್ನು ಸೇರಿಸಬೇಕೆಂಬ ನಿಯಮ ತಾನಾಗಿ ಬೆಳೆದಿದೆ: ಪದ್ಮ ಹೆಣ್ಣು, ಪದ್ಮರಾಜ ಗಂಡು, ಪುಷ್ಪ ಹೆಣ್ಣು, ಪುಷ್ಪರಾಜ ಗಂಡು. 2021ರಲ್ಲಿ ತೆರೆಕಂಡ 'ಪುಷ್ಪ' ಎಂಬ ತೆಲುಗು ಚಲನಚಿತ್ರದಲ್ಲಿ ನಾಯಕನ ಪುಷ್ಪರಾಜ್ ಎಂಬ ಹೆಸರು ಮೊಟಕಾಗಿ ಪುಷ್ಪ ಎಂದಾಗುತ್ತದೆ. ಆ ಮೃದುವಾದ ಹೆಸರಿಗೂ ಅವನ ಹಿಂಸೆಗೂ ಇರುವ ವಿರೋಧವೇ ಚಿತ್ರದ ಒಂದು ಆಕರ್ಷಣೆ. ಹೂವಿನ ಹೆಸರು ಹೊತ್ತ ಪುರುಷನು ತಾನು ಹೂವಲ್ಲವೆಂದು ಲೋಕಕ್ಕೆ ಸಾಧಿಸಿ ತೋರಿಸಬೇಕೆಂಬ ಭಾವನೆ ಎಷ್ಟು ಆಳವಾಗಿದೆಯೆಂಬುದಕ್ಕೆ ಇದು ಸಾಕ್ಷಿ.

ಜೈನ ಪರಂಪರೆಗೆ ಈ ಭಾವನೆ ಅಪರಿಚಿತವಾದದ್ದು. ಆರನೆಯ ತೀರ್ಥಂಕರರು ಪದ್ಮಪ್ರಭ, ಅವರ ಲಾಂಛನ ಕೆಂದಾವರೆ, ಇಪ್ಪತ್ತೊಂದನೆಯ ನಮಿನಾಥರ ಲಾಂಛನ ನೀಲಕಮಲ, ಒಂಬತ್ತನೆಯವರು ಪುಷ್ಪದಂತ. ಭೂತಬಲಿ ಮುನಿಗಳೊಡನೆ ಷಟ್ಖಂಡಾಗಮವನ್ನು ರಚಿಸಿದವರು ಪುಷ್ಪದಂತ ಮುನಿಗಳು. ಆ ಆಗಮದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದುದು ಮೂಡುಬಿದಿರೆ. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ನೆಲೆಸಿ ಅಪಭ್ರಂಶದಲ್ಲಿ ಮಹಾಪುರಾಣವನ್ನು ರಚಿಸಿದ ಕವಿಯೂ ಪುಷ್ಪದಂತನೇ. ಕನ್ನಡದ ಆದಿಕವಿಯ ಹೆಸರಿನ ಶಬ್ದವೇ ಹಂಪೆಯ ಬಳಿಯ ಪಂಪಾ ಎಂಬ ಜಲದ ಹೆಸರಾಗಿಯೂ ಕೇಳಿಸುತ್ತದೆ. ಅಲ್ಲಿ ಅದು ಸ್ತ್ರೀಲಿಂಗ, ಇಲ್ಲಿ ಪುಲ್ಲಿಂಗ. ಹತ್ತೊಂಬತ್ತನೆಯ ತೀರ್ಥಂಕರರನ್ನು ದಿಗಂಬರ ಪರಂಪರೆ ಪುರುಷರೆಂದೂ ಶ್ವೇತಾಂಬರ ಪರಂಪರೆ ರಾಜಕುಮಾರಿಯೆಂದೂ ಹೇಳುತ್ತದೆ. ಆ ಸಿದ್ಧಾಂತಭೇದ ಇಲ್ಲಿ ವಿಚಾರಣೀಯವಲ್ಲ. 'ಮಲ್ಲಿ' ಎಂಬ ಹೆಸರು ಎರಡೂ ಕಡೆ ಸಹಜವಾಗಿಯೇ ಹೊಂದುತ್ತದೆ, ಹೆಸರೊಂದರಿಂದಲೇ ವ್ಯಕ್ತಿಯ ಲಿಂಗ ತಿಳಿಯದು ಎಂಬುದಷ್ಟೇ ಗ್ರಾಹ್ಯ.

ಬಳ್ಳಿ ಮರವನ್ನು ಅಪ್ಪುವ ಕವಿಸಮಯಕ್ಕೆ ಶ್ರವಣಬೆಳಗೊಳದ ಶಿಲೆಯಲ್ಲೇ ಉತ್ತರವಿದೆ. 981ರಲ್ಲಿ ಚಾವುಂಡರಾಯನು ಪ್ರತಿಷ್ಠಾಪಿಸಿದ ಬಾಹುಬಲಿಯ ತೊಡೆಗಳನ್ನೂ ತೋಳುಗಳನ್ನೂ ಮಾಧವಿಯ ಬಳ್ಳಿ ಸುತ್ತಿಕೊಂಡಿದೆ. ಅಲ್ಲಿ ಬಳ್ಳಿ ವಧುವಲ್ಲ, ಯೋಗಿ ವರನಲ್ಲ. ಒಂದು ಏಕೇಂದ್ರಿಯ ಜೀವಿ ಆಸರೆಯನ್ನು ಅರಸಿ ಹಬ್ಬಿದೆ, ನಿಂತವನು ಕದಲಿಲ್ಲ. ಆ ಶಿಲ್ಪವನ್ನು ನೋಡಿದವರಿಗೆ ಪ್ರಕೃತಿಯೊಡನೆ ಮನುಷ್ಯನಿಗಿರುವ ನಿಜವಾದ ಸಂಬಂಧ ಅಹಿಂಸೆಯದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಿದ್ಧಾಂತದ ದೃಷ್ಟಿ

ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಪ್ರಕಾರ ನಾರಕರೂ ಸಮ್ಮೂರ್ಛನ ಜನ್ಮದವರೂ ನಪುಂಸಕರು. ಏಕೇಂದ್ರಿಯಗಳೆಲ್ಲ ಸಮ್ಮೂರ್ಛನ ಜನ್ಮದವು. ಆದುದರಿಂದ ಮಣ್ಣು, ನೀರು, ಬೆಂಕಿ, ಗಾಳಿ, ಗಿಡಮರಗಳನ್ನು ಕಾಯವಾಗಿ ಪಡೆದ ಜೀವಗಳಲ್ಲಿ ಸ್ತ್ರೀವೇದವೂ ಇಲ್ಲ, ಪುರುಷವೇದವೂ ಇಲ್ಲ. ಕನ್ನಡದ ಸಾಮಾನ್ಯ ಮಾತು ಹೂವನ್ನು 'ಅದು' ಎನ್ನುವುದು ಸಿದ್ಧಾಂತಕ್ಕೂ ಸಮ್ಮತವಾಗಿಯೇ ಇದೆ. ಇನ್ನು ವೇದಗಳೆಂಬವು ಚಾರಿತ್ರಮೋಹನೀಯ ಕರ್ಮದ ಒಂಬತ್ತು ನೋಕಷಾಯಗಳಲ್ಲಿ ಮೂರು. ಒಂಬತ್ತನೆಯ ಗುಣಸ್ಥಾನದಲ್ಲಿ ಅವುಗಳ ಉದಯ ನಿಲ್ಲುತ್ತದೆ. ಕಳೆದುಕೊಳ್ಳಬೇಕಾದ ಕರ್ಮವನ್ನೇ ಹೂವಿನ ಮೇಲೆ, ಮೋಡದ ಮೇಲೆ ಆರೋಪಿಸಿ, ಅಲ್ಲಿಂದ ಅದನ್ನು ಗುಣವೆಂದು ಮರಳಿ ಮಗುವಿಗೆ ತೊಡಿಸುವುದು ಶ್ರಾವಕರಿಗೆ ಒಪ್ಪುವಂಥದ್ದಲ್ಲ.

ನಾಲ್ಕು ನಿಕ್ಷೇಪಗಳಲ್ಲಿ ಮೊದಲನೆಯದು ನಾಮನಿಕ್ಷೇಪ. ಆ ಗುಣವಿಲ್ಲದ ವಸ್ತುವಿಗೂ ಲೋಕವ್ಯವಹಾರಕ್ಕಾಗಿ ಇಡುವ ಸಂಜ್ಞೆಯೇ ನಾಮ. ಇಂದ್ರನೆಂದು ಹೆಸರಿಟ್ಟ ಮಾತ್ರಕ್ಕೆ ಹುಡುಗನಿಗೆ ದೇವಲೋಕ ದೊರೆಯದು. ಕೋಮಲೆಯೆಂದು ಹೆಸರಿಟ್ಟ ಮಾತ್ರಕ್ಕೆ ಹುಡುಗಿ ದುರ್ಬಲಳಾಗಬೇಕಿಲ್ಲ. ನಾಮಸಂಗ್ರಹಗಳು ನಾಮನಿಕ್ಷೇಪವನ್ನು ಭಾವನಿಕ್ಷೇಪವೆಂದು ತಿಳಿದು, ಹೆಸರಿನ ಮುಂದೆ ಗಂಡಿಗಾದರೆ 'ಶತ್ರುಗಳನ್ನು ಗೆಲ್ಲುವವನು' ಎಂದೂ ಹೆಣ್ಣಿಗಾದರೆ 'ಎಲ್ಲರ ಮನ ಸೆಳೆಯುವವಳು' ಎಂದೂ ಬರೆಯುತ್ತವೆ. ಜಯಿಸುವವನೇ ಜಿನ ಎಂಬುದು ನಿಜ. ಆದರೆ ಆ ಜಯ ಕಷಾಯಗಳ ಮೇಲಿನದು. ಅದಕ್ಕೆ ಪ್ರಯತ್ನಿಸುವ ಅಧಿಕಾರ ಮಗಳಿಗೂ ಮಗನಿಗೂ ಸಮಾನ.

ಇದರ ಫಲ ಮನೆಗಳಲ್ಲಿ ಕಾಣುತ್ತದೆ. ಹೂವಿನ ಹೆಸರಿನ ಹುಡುಗನನ್ನು ಶಾಲೆಯಲ್ಲಿ ಗೆಳೆಯರು ಗೇಲಿಮಾಡುತ್ತಾರೆ. ತಂದೆಯು ಪ್ರಮಾಣಪತ್ರ ಮಾಡಿಸಿ ಹೆಸರು ಬದಲಿಸಲು ಓಡಾಡುತ್ತಾನೆ. ಬಳ್ಳಿಯ ಹೆಸರಿನ ಹುಡುಗಿಗೆ ಆಸರೆ ಬೇಕೆಂದು ಹಿರಿಯರು ವಿನೋದಕ್ಕೆ ಆಡಿದ ಮಾತು ಹತ್ತು ವರ್ಷ ಕಿವಿಗೆ ಬಿದ್ದು ಅವಳ ಮನಸ್ಸಿನಲ್ಲಿ ನಂಬಿಕೆಯಾಗುತ್ತದೆ. ಹುಡುಗನ ಲಜ್ಜೆಯೂ ಹುಡುಗಿಯ ನಂಬಿಕೆಯೂ ಒಂದೇ ಪಟ್ಟಿಯಿಂದ ಬಂದವು.

ಗಂಡು-ಹೆಣ್ಣೆಂಬ ಗುರುತು ಹೆಸರಿನಲ್ಲಿಯೇ ಇದ್ದರೆ ವ್ಯವಹಾರಕ್ಕೆ ಅನುಕೂಲವಲ್ಲವೇ ಎಂದು ಕೇಳಬಹುದು. ಅನುಕೂಲವೆಂಬುದು ಸತ್ಯ, ರಾಜ, ಕುಮಾರ, ಶ್ರೀ, ಮತಿ ಎಂದು ಸೇರಿಸುವ ಪದ್ಧತಿಯಲ್ಲಿ ತಪ್ಪೇನೂ ಇಲ್ಲ. ಆದರೆ ಶಾಲೆಯ ಅರ್ಜಿಯಲ್ಲಾಗಲಿ ರೈಲಿನ ಟಿಕೆಟಿನಲ್ಲಾಗಲಿ ಅದಕ್ಕೆ ಬೇರೆಯೇ ಸ್ಥಾನವಿರುವುದರಿಂದ ಆ ಭಾರವನ್ನೆಲ್ಲ ಹೆಸರೇ ಹೊರಬೇಕಾಗಿಲ್ಲ. ಶಬ್ದನಯವು ಲಿಂಗಭೇದವನ್ನು ಗಮನಿಸುತ್ತದೆ, ಗಮನಿಸಬೇಕು; ಆದರೆ ಅದು ಒಂದು ನಯ ಮಾತ್ರ. ಒಂದೇ ನಯವನ್ನು ಪೂರ್ಣಸತ್ಯವೆಂದು ಹಿಡಿಯುವುದು ಏಕಾಂತ.

ಟ್ರಸ್ಟುಗಳು ಮಾಡಬಹುದಾದದ್ದು

ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳನ್ನು ವಿವರಿಸುವಾಗ ಏಳನೆಯದಾಗಿ ನಾಮಕರ್ಮವನ್ನು ಹೇಳಿದ್ದಾರೆ. ಹನ್ನೆರಡು ದಿನಗಳ ಬಳಿಕ, ಜಿನೇಶ್ವರರ 1008 ನಾಮಗಳನ್ನು ಪತ್ರಗಳಲ್ಲಿ ಬರೆದು ಘಟದಲ್ಲಿರಿಸಿ, ಅದರಿಂದ ಒಂದನ್ನು ಎತ್ತಿ ಇಡಬಹುದೆಂಬ ವಿಧಿಯೂ ಅಲ್ಲಿದೆ. ಆ ನಾಮಗಳು ಶಬ್ದರೂಪದಲ್ಲಿ ಪುಲ್ಲಿಂಗವೇ ಆದರೂ ಅವುಗಳ ವಿಷಯ ಆತ್ಮಗುಣ. ತಂದೆತಾಯಿಗಳ ಅಭಿಮಾನಕ್ಕಿಂತ ಗುಣಸ್ಮರಣೆ ಮುಂದಾಗಬೇಕೆಂಬುದು ಆ ವಿಧಿಯಿಂದ ಕಲಿಯಬಹುದಾದ ಪಾಠ. ಅದೇ ಪುರಾಣದಲ್ಲಿ ಆದಿನಾಥರು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ಕಲಿಸುತ್ತಾರೆ. ಎರಡನೆಯವಳ ಹೆಸರಿನ ಅರ್ಥ ಚೆಲುವೆ. ತಂದೆ ಕೊಟ್ಟದ್ದು ಗಣಿತ.

ನಾಮಾವಳಿಯನ್ನು ಅಚ್ಚುಮಾಡಿಸುವ ಟ್ರಸ್ಟುಗಳು ಮುಂದಿನ ಆವೃತ್ತಿಯಲ್ಲಿ ನಾಲ್ಕು ಸುಧಾರಣೆಗಳನ್ನು ಆಲೋಚಿಸಬಹುದು. ಪ್ರಕೃತಿನಾಮಗಳನ್ನು ಎರಡು ಕಲಮುಗಳಲ್ಲಿ ಒಡೆಯದೆ ಅಕಾರಾದಿಯಾಗಿ ಒಂದೇ ಪಟ್ಟಿಯಲ್ಲಿ ಕೊಡಲಿ. ಶಬ್ದದ ಲಿಂಗವನ್ನು ವ್ಯಾಕರಣದ ಸೂಚನೆಯಾಗಿ ಮಾತ್ರ ನಮೂದಿಸಲಿ. ಅರ್ಥದ ಸಾಲಿನಲ್ಲಿ ಮೋಡವೆಂದರೆ ಮೋಡವೆಂದೇ ಬರೆಯಲಿ, ಹೊಗಳಿಕೆಯನ್ನು ಸೇರಿಸದಿರಲಿ. ಆ ಹೆಸರನ್ನು ಹೊತ್ತು ಬಾಳಿದವರ ಚರಿತ್ರೆಯಿದ್ದರೆ ಎರಡು ಸಾಲಿನಲ್ಲಿ ಅದನ್ನು ಹೇಳಲಿ.

ಅಂಥ ಪಟ್ಟಿಯಲ್ಲಿ ಎರಡು ಹೆಸರುಗಳು ಹೀಗೆ ಬರಬಹುದು. ಮೇಘ: ಅಕಾಲದಲ್ಲಿ ಮೋಡಗಳನ್ನು ನೋಡುವ ಬಯಕೆ ತಾಯಿ ಧಾರಿಣಿಗೆ ಗರ್ಭಕಾಲದಲ್ಲಿ ಉಂಟಾದುದರಿಂದ ಶ್ರೇಣಿಕನ ಮಗನಿಗೆ ಮೇಘಕುಮಾರನೆಂಬ ಹೆಸರು ಬಂತೆಂದು ಜ್ಞಾತಾಧರ್ಮಕಥಾ ಹೇಳುತ್ತದೆ, ಹಿಂದಿನ ಜನ್ಮದಲ್ಲಿ ಆನೆಯಾಗಿದ್ದು, ಕಾಡುಗಿಚ್ಚಿನ ವೇಳೆ ಕಾಲ ಕೆಳಗೆ ಬಂದು ಕುಳಿತ ಮೊಲಕ್ಕಾಗಿ ಎತ್ತಿದ ಕಾಲನ್ನು ಇಳಿಸದೆ ನಿಂತ ಜೀವ ಅದು. ಚಂದನ: ಚೇಟಕರಾಜನ ಮಗಳು, ಕೌಶಾಂಬಿಯ ಶ್ರೇಷ್ಠಿಯ ಮನೆಯಲ್ಲಿ ಸಂಕೋಲೆ ತೊಟ್ಟಿದ್ದಾಗ ವರ್ಧಮಾನ ಸ್ವಾಮಿಗೆ ಆಹಾರದಾನ ಮಾಡಿ, ಮುಂದೆ ಅವರ ಆರ್ಯಿಕಾ ಸಂಘಕ್ಕೆ ಪ್ರಮುಖೆಯಾದವಳು.

ಇಂದು ಕನ್ನಡ ನಾಡಿನಲ್ಲಿ ಮೇಘ ಹುಡುಗಿಯರ ಹೆಸರಾಗಿದೆ. ಉತ್ತರದಲ್ಲಿ ಚಂದನ್ ಹುಡುಗರ ಹೆಸರಾಗಿದೆ. ಹೆಸರುಗಳು ಒಂದು ಕಲಮಿನಿಂದ ಇನ್ನೊಂದಕ್ಕೆ ದಾಟಿದುವು. ಆನೆ ಎತ್ತಿಹಿಡಿದ ಕಾಲಿನಲ್ಲಿದ್ದ ದಯೆಯಾಗಲಿ, ಸಂಕೋಲೆಯ ಕೈಗಳು ನೀಡಿದ ಆಹಾರದಲ್ಲಿದ್ದ ಶ್ರದ್ಧೆಯಾಗಲಿ ಯಾವ ಕಲಮಿನವೂ ಅಲ್ಲ. ಹೆಸರಿಡುವ ದಿನ ಹಿರಿಯರು ಆ ಕಥೆಯನ್ನು ಮಗುವಿನ ಕಿವಿಗೆ ಹೇಳಿದರೆ ನಾಮಕರ್ಮ ಸಾರ್ಥಕ.